ನಮ್ಮ ಪಡಸಾಲೆಯ ಕೌದಿ ಕೂಟ: ನಿಮ್ಮ ಓಣಿಯಲ್ಲಿ ಶುರು ಮಾಡುವುದು ಹೇಗೆ

ನಾನು ಬಾಗಲಕೋಟೆ ನವನಗರದಲ್ಲಿ ಟೇಲರಿಂಗ್ ಮಾಡುತ್ತೇನೆ. ಜಂಪರು, ಫಾಲ್ಸು, ಪಿಕೋ, ಜೂನ್ ಬಂತೆಂದರೆ ಶಾಲೆ ಯೂನಿಫಾರ್ಮು. ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಮಷೀನಿಗೆ ಬಟ್ಟೆ ಹೊದಿಸಿ ಪಡಸಾಲೆಯಲ್ಲಿ ಜಮಖಾನೆ ಹಾಸುತ್ತೇನೆ. ಎಂಟೋ ಹತ್ತೋ ಜನ ಬರುತ್ತಾರೆ. ಐದರವರೆಗೆ ಕೂತು ಕೌದಿ, ಅಂದರೆ ಹಳೆ ಬಟ್ಟೆ ಪದರ ಪದರವಾಗಿ ಕೂಡಿಸಿದ ಹೊದಿಕೆ, ಹೊಲಿಯುತ್ತೇವೆ. ಅಷ್ಟೇ. ಆದರೂ "ನಮ್ಮ ಓಣ್ಯಾಗೂ ಇದನ್ನ ಮಾಡಬೇಕಲ್ರೀ, ಹೆಂಗ ಮಾಡ್ತೀರಿ?" ಅಂತ ಕೇಳುವವರು ಬಹಳ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಕೂತು ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು 2019ರ ಆಗಸ್ಟ್‌ನಲ್ಲಿ. ಮಲಪ್ರಭೆ ತುಂಬಿ ನನ್ನ ತವರೂರಿಗೆ ನೀರು ನುಗ್ಗಿತು. 2009ರಲ್ಲೂ ನುಗ್ಗಿತ್ತು, ಹತ್ತು ವರ್ಷಕ್ಕೆ ಮತ್ತೆ ಅದೇ ಕಥೆ. ಅವ್ವ, ಓಣಿಯವರು ಎಲ್ಲ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿದ್ದರು. ನಾನು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆ. ಅಲ್ಲಿ ನೋಡಿದರೆ ರೊಟ್ಟಿಗೆ ಏನೂ ಕಡಿಮೆ ಇರಲಿಲ್ಲ, ಊರೂರಿಂದ ಬಂದು ಬಿದ್ದಿದ್ದವು. ಅವ್ವ ತನ್ನ ಅಂಗೈ ನೋಡುತ್ತಾ ಗೋಡೆಗೆ ಒರಗಿ ಕೂತಿದ್ದಳು. "ಹೊತ್ತ ಹೋಗವಲ್ದು ಬೇ. ಅಡಗಿ ಇಲ್ಲ, ಕಸ ಇಲ್ಲ, ದನಾ ಇಲ್ಲ. ಕೈಗೆ ಏನರೆ ಕೆಲಸಾ ತಂದ ಕೊಡು" ಅಂದಳು.

ಮರುದಿನ ಅಂಗಡಿಯ ಚಿಂದಿ ಚೀಲ, ಮೂರು ಹಳೆ ಸೀರೆ, ಒಂದು ಪಾಕೀಟು ಸೂಜಿ ಒಯ್ದೆ. ಅವ್ವ ಸೀರೆ ಹಾಸಿದಳು. ಯಾರನ್ನೂ ಕರೆಯಲಿಲ್ಲ, ಆದರೂ ನಾಲ್ಕೈದು ಹೆಂಗಸರು ಬಂದು ಸುತ್ತ ಕೂತರು. ಒಂದು ತಾಸು ಮಾತೇ ಇಲ್ಲ. ಆಮೇಲೆ ಒಬ್ಬಾಕೆ ತಲೆ ಎತ್ತದೆ ಅಂದಳು: "ನಮ್ಮ ಎಮ್ಮಿ ಕಣ್ಣಿ ಬಿಚ್ಚಿದ್ನೋ ಇಲ್ಲೋ, ನೆನಪs ಆಗವಲ್ದು." ಯಾರೂ ಸಮಾಧಾನ ಹೇಳಲಿಲ್ಲ. ಪಕ್ಕದಾಕೆ ದಾರ ಹರಿದು, ಸೂಜಿಗೆ ಪೋಣಿಸಿ, ಅವಳ ಕೈಗೆ ಕೊಟ್ಟಳು. ಅವಳು ಮತ್ತೆ ಹೊಲಿದಳು.

ನಾನು ಕೂಟ ಮಾಡುವುದೆಲ್ಲ ಅವತ್ತು ನೋಡಿದ್ದರ ನಕಲು. ಕೈಗೆ ಕೆಲಸ ಇರಬೇಕು, ಬಾಯಿಗೆ ಒತ್ತಾಯ ಇರಬಾರದು. ಮುಂದೆ ಹೇಳುವ ಸಣ್ಣ ಸಣ್ಣ ಏರ್ಪಾಡುಗಳೆಲ್ಲ ಇದನ್ನು ಉಳಿಸಿಕೊಳ್ಳುವುದಕ್ಕಾಗಿ.

ಜಾಗ, ಹೊತ್ತು, ಜನ

ಹಳೇ ಬಾಗಲಕೋಟೆಯಲ್ಲಿ ಮನೆಮನೆಗೆ ಕಟ್ಟೆ ಇರುತ್ತಿತ್ತು. ಆಲಮಟ್ಟಿ ಹಿನ್ನೀರಿಗೆ ಊರಿನ ಒಂದಿಷ್ಟು ಭಾಗ ಹೋಗಿ, ನಾವು ನವನಗರದ ಸೆಕ್ಟರುಗಳಿಗೆ ಬಂದೆವು. ರಸ್ತೆ ಅಗಲ ಆಯಿತು, ಕಾಂಪೌಂಡ್ ಬಂತು, ಗೇಟು ಬಂತು. ಸುಮ್ನೆ ಕೂರುವ ಜಾಗ ಮಾತ್ರ ಇಲ್ಲ. ಗೇಟು ತೆಗೆಸಿ ಒಳಗೆ ಹೋಗಬೇಕೆಂದರೆ ಏನಾದರೂ ಕೆಲಸ ಇರಬೇಕಲ್ವಾ? ಹಾಗಾಗಿ ಕೂಟಕ್ಕೆ ಜಾಗ ಹುಡುಕುವಾಗ ನಾನು ಮೊದಲು ಕೇಳುವುದು ಒಂದೇ: ಇಲ್ಲಿಗೆ ಕಾರಣ ಹೇಳದೆ ಬರಬಹುದಾ? ಪಡಸಾಲೆ, ಗುಡಿಯ ಹಿಂದಿನ ಮಂಟಪ, ಅಂಗನವಾಡಿ ಮಧ್ಯಾಹ್ನ ಖಾಲಿ ಇದ್ದರೆ ಅದು, ಯಾವುದಾದರೂ ಆದೀತು. ಸಮುದಾಯ ಭವನ ಬೇಡ ಅನ್ನುತ್ತೇನೆ. ಅಲ್ಲಿ ವೇದಿಕೆ ಇರುತ್ತದೆ. ವೇದಿಕೆ ಇದ್ದರೆ ಯಾರಾದರೂ ಹತ್ತಿಯೇ ಹತ್ತುತ್ತಾರೆ.

ಎಲ್ಲರೂ ನೆಲದ ಮೇಲೆ ಕೂರಬೇಕು. ಮೊಣಕಾಲು ನೋವಿರುವವರಿಗೆ ಎರಡು ಪ್ಲಾಸ್ಟಿಕ್ ಸ್ಟೂಲ್ ಇರಲಿ. ಬೆಳಕು ಎಡಗಡೆಯಿಂದ ಬಂದರೆ ಬಲಗೈಯವರಿಗೆ ಹೊಲಿಗೆ ಕಾಣುತ್ತದೆ. ಕುಡಿಯುವ ನೀರು, ಹತ್ತಿರದಲ್ಲೇ ಶೌಚಾಲಯ, ಇವೆರಡು ಇಲ್ಲದಿದ್ದರೆ ಶುರು ಮಾಡಲೇಬೇಡಿ.

ಹೊತ್ತು ಮೂರರಿಂದ ಐದು. ಮಧ್ಯಾಹ್ನದ ಪಾತ್ರೆ ತೊಳೆದು ಆಗಿರುತ್ತದೆ, ಸಂಜೆ ರೊಟ್ಟಿಗೆ ಇನ್ನೂ ಹೊತ್ತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಆಗ ಐದೂವರೆಗೆ ತಳ್ಳುತ್ತೇವೆ. ಒಂದು ವಾರ ತಪ್ಪಿದರೆ ತಪ್ಪಲಿ, ಆದರೆ ವಾರ ಬದಲಿಸಬೇಡಿ. ಬುಧವಾರ ಅಂದರೆ ಬುಧವಾರ. ತಲೆ ಕೆಟ್ಟಿರುವವರಿಗೆ ಮತ್ತೊಂದು ತಾರೀಖು ನೆನಪಿಡುವ ಕೆಲಸ ಕೊಡಬಾರದು.

ಒಂದು ಕೌದಿಯ ಸುತ್ತ ಆರು ಜನ ಆರಾಮಾಗಿ ಕೂರಬಹುದು. ಎರಡು ಕೌದಿಗೆ ಹನ್ನೆರಡು. ಅದಕ್ಕಿಂತ ಜಾಸ್ತಿ ಆದರೆ ಬೇರೆ ಮನೆಯಲ್ಲಿ ಇನ್ನೊಂದು ಕೂಟ ಆಗಲಿ. ಗಂಡಸರು ಬರಬಾರದು ಅಂತೇನಿಲ್ಲ. ರಿಟೈರ್ ಆದ ಬಸ್ ಡ್ರೈವರ್ ಕಾಕಾ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ. ಹೊಲಿಯಲು ಬರುವುದಿಲ್ಲ. ಕಣ್ಣು ಚಲೋ ಇದೆ, ಎಲ್ಲರ ಸೂಜಿಗೂ ದಾರ ಪೋಣಿಸಿ ಸಾಲಾಗಿ ಒಂದು ಥರ್ಮೋಕೋಲ್ ತುಂಡಿಗೆ ಚುಚ್ಚಿಡುತ್ತಾರೆ. ಬಾಗಲಕೋಟೆಯ ಹೋಳಿಗೆ ಹಲಗಿ ಬಾರಿಸುತ್ತಿದ್ದ ಕೈ ಅದು.

ಯಾಕೆ ಕೌದಿಯೇ?

ಮೊದಲು ನಾನು ಕಸೂತಿ ಇಟ್ಟಿದ್ದೆ. ನನ್ನ ಜಂಬ ಅದು, ನನಗೆ ಚೆನ್ನಾಗಿ ಬರುತ್ತದೆ. ಗಾವಂತಿ, ಮುರಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಒಂದೇ ದಿನ ತೋರಿಸಿದೆ. ಗಾವಂತಿಯಲ್ಲಿ ಎಳೆ ಎಣಿಸಿ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಬೇಕು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಎರಡೂ ಮಗ್ಗುಲು ಒಂದೇ ತರಹ ಕಾಣಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿದರೂ ಹೊಲಿಯುತ್ತಿರುವ ಗೋಪುರದ ಚಿತ್ರ ವಾಲುತ್ತದೆ. ಅವತ್ತು ಬಂದವಳೊಬ್ಬಳು, ಮಗನ ಸಾಲದ ಚಿಂತೆಯಲ್ಲಿದ್ದವಳು, ಮೂರು ಸಲ ಬಿಚ್ಚಿದಳು. ಪಕ್ಕದವಳ ತೇರು ನೋಡಿದಳು. "ನನ್ನ ಕೈಲೆ ಇದೂ ಆಗೂದಿಲ್ಲ ನೋಡ್ರಿ" ಅಂದು ಎದ್ದು ಹೋದಳು. ಆ "ಇದೂ" ಅನ್ನುವ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಕೌದಿಯಲ್ಲಿ ಆ ತೊಂದರೆ ಇಲ್ಲ. ಹೊಲಿಗೆ ಉದ್ದ ಆದರೂ ನಡೆಯುತ್ತದೆ, ಸೊಟ್ಟ ಆದರೂ ನಡೆಯುತ್ತದೆ. ಮುಗಿದ ಮೇಲೆ ಯಾರ ಹೊಲಿಗೆ ಯಾವುದು ಅಂತ ಹೊಲಿದವರಿಗೇ ಗೊತ್ತಾಗುವುದಿಲ್ಲ. ಮುಖ ನೋಡದೆ ಮಾತಾಡಬಹುದು ಅನ್ನುವುದು ಇನ್ನೊಂದು. ಎದುರು ಕುರ್ಚಿಯಲ್ಲಿ ಕೂತು "ಏನಾಯ್ತು ಹೇಳು" ಅಂದರೆ ಯಾರು ಹೇಳುತ್ತಾರೆ? ಕಣ್ಣು ಬಟ್ಟೆಯ ಮೇಲಿದ್ದರೆ ಮಾತು ತಾನಾಗಿ ಬರುತ್ತದೆ. ಬರದಿದ್ದರೂ ಎರಡು ಗೇಣು ಹೊಲಿಗೆ ಆಗಿರುತ್ತದೆ.

ನಮ್ಮ ಕಡೆ ಇದು ಹೊಸದೂ ಅಲ್ಲ. ಮಣ್ಣೆತ್ತಿನ ಅಮಾಸಿಗೆ ಕೂತು ಎತ್ತು ಮಾಡುತ್ತಿದ್ದೆವು, ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನ ಮೂರ್ತಿ ಮಾಡುತ್ತಿದ್ದೆವು, ಸೀಗಿ ಹುಣ್ಣಿಮೆಗೆ ಹಾಡುತ್ತಿದ್ದೆವು. ವರ್ಷವಿಡೀ ಏನೋ ಒಂದು ನೆಪ ಇತ್ತು. ಈಗಲೂ ಆ ದಿನಗಳು ಹತ್ತಿರ ಬಂದರೆ ಕೌದಿ ಬದಿಗಿಟ್ಟು ಮಣ್ಣು ತರುತ್ತೇವೆ. ಬರೀ ಎರಿಮಣ್ಣು ಒಣಗುವಾಗ ಬಿರಿಯುತ್ತದೆ, ಸ್ವಲ್ಪ ಹತ್ತಿ ಅಥವಾ ಸಣ್ಣ ಹೊಟ್ಟು ಕಲಸಿ ನಾದಿ. ಸೂಜಿ ಹಿಡಿಯಲಾಗದ ಮುದುಕರಿಗೆ, ಶಾಲೆ ಬಿಟ್ಟು ಬರುವ ಮಕ್ಕಳಿಗೆ ಮಣ್ಣೇ ಚಲೋ. ಕಸೂತಿಯನ್ನೂ ಪೂರ್ತಿ ಬಿಟ್ಟಿಲ್ಲ. ಕಲಿಯಬೇಕು ಅನ್ನುವವರು ಭಾನುವಾರ ಬರುತ್ತಾರೆ. ಅದು ಕ್ಲಾಸು, ಇದು ಕೂಟ. ಎರಡನ್ನೂ ಬೆರೆಸಬೇಡಿ.

ಮಗಳು ಮೊಬೈಲಿನಲ್ಲಿ ಓದಿ ಹೇಳಿದ್ದು ಒಂದಿದೆ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ 45 ನಿಮಿಷ ಮಣ್ಣು, ಕಾಗದ, ಬಣ್ಣದ ಪೆನ್ನು ಕೊಟ್ಟು ಕೂರಿಸಿದ್ದರಂತೆ. ಮೊದಲು ಮತ್ತು ಆಮೇಲೆ ಎಂಜಲು ಪರೀಕ್ಷೆ ಮಾಡಿದಾಗ, ನಾಲ್ವರಲ್ಲಿ ಮೂವರಿಗೆ ಕಾರ್ಟಿಸಾಲ್ ಇಳಿದಿತ್ತು. ಅದು ಒತ್ತಡ ಇದ್ದಾಗ ಮೈಯಲ್ಲಿ ಏರುವ ಹಾರ್ಮೋನು. ಮೊದಲಿನಿಂದ ಚಿತ್ರ ಬರೆದು ರೂಢಿ ಇದ್ದವರಿಗೂ, ಕೈಯಲ್ಲಿ ಬ್ರಷ್ಷೇ ಹಿಡಿಯದವರಿಗೂ ಫರಕೇನೂ ಕಾಣಲಿಲ್ಲವಂತೆ. ಇದನ್ನು ಕೇಳಿದ ಮೇಲೆ ಚಹಾವನ್ನು ಮೊದಲ ಮುಕ್ಕಾಲು ತಾಸು ದಾಟಿಸಿ ಕೊಡುತ್ತೇನೆ. ಮೊದಲೆಲ್ಲ ಬಂದ ಕೂಡಲೇ ಕೊಡುತ್ತಿದ್ದೆ, ಕೈ ಸೂಜಿಗೆ ಕೂರುವ ಮೊದಲೇ ಮಾತು ಗದ್ದಲಕ್ಕೆ ತಿರುಗುತ್ತಿತ್ತು.

ಸಾಮಾನು ಮತ್ತು ಹಾಸುವ ರೀತಿ

ಹಳೆ ಹತ್ತಿ ಸೀರೆ, ಧೋತರ ಬೇಕು. ನೈಲಾನು, ಪಾಲಿಯೆಸ್ಟರ್ ಜಾರುತ್ತವೆ, ಬೆವರು ಹೀರುವುದಿಲ್ಲ. ಒಗೆದು ಬಿಸಿಲಿಗೆ ಹಾಕಿ ತರಲು ಹೇಳಿ. ಮಾಮೂಲಿ ಐದೂವರೆ ಮೀಟರ್ ಸೀರೆಯನ್ನು ಮೂರು ಸಮ ತುಂಡು ಮಾಡಿದರೆ ಒಂದೊಂದು ಸುಮಾರು ಆರು ಅಡಿ ಬರುತ್ತದೆ, ಒಬ್ಬರು ಹೊದೆಯುವಷ್ಟು. ಎರಡು ಸೀರೆಯಲ್ಲಿ ಆರು ಪದರ. ನಾವು ನಾಲ್ಕೇ ಹಾಕುತ್ತೇವೆ. ಆರಾದರೆ ಸೂಜಿ ದಾಟಿಸಲು ಬೆರಳು ಸೋಲುತ್ತದೆ. ಉಳಿದ ಎರಡನ್ನು ಮುಂದಿನ ಕೌದಿಗೆ ಎತ್ತಿಡಿ.

ತಳದ ಬಟ್ಟೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಜನ ಕೂತು ಎಳೆಯಿರಿ. ಒಂದೊಂದೇ ಪದರ ಸುಕ್ಕಿಲ್ಲದಂತೆ ಹರಡಿ. ಕೊನೆಗೆ ಮೇಲೆ ತುಂಡುಗಳನ್ನು ಜೋಡಿಸಿ. ನನ್ನ ಅಂಗಡಿಯಲ್ಲಿ ಗುಳೇದಗುಡ್ಡ ಖಣದ ಚಿಂದಿ ಬೇಕಾದಷ್ಟು ಉಳಿಯುತ್ತದೆ, ಬಣ್ಣಕ್ಕೆ ಅದೇ ಸಾಕು. ನಿಮ್ಮ ಓಣಿಯ ಟೇಲರ್‌ಗೆ ಹೇಳಿಟ್ಟರೆ ಚೀಲ ತುಂಬ ಕೊಡುತ್ತಾರೆ, ಅವರಿಗೂ ಕಸ ಹೋದಂತಾಯಿತು. ತುಂಡು ಜೋಡಿಸುವ ಹೊತ್ತಿನಲ್ಲಿ ಅವಸರ ಬೇಡ. ಹಸಿರಿನ ಪಕ್ಕ ಕೆಂಪೋ ಹಳದಿಯೋ ಅಂತ ಅರ್ಧ ತಾಸು ಚರ್ಚೆ ನಡೆಯುತ್ತದೆ, ಮನೆಯಲ್ಲಿ ಯಾರೂ ಅಭಿಪ್ರಾಯ ಕೇಳದವರ ಧ್ವನಿ ಇಲ್ಲಿ ಏರುತ್ತದೆ. ಆಮೇಲೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿ. ನಾವು ಅಂಚಿನಿಂದ ಶುರು ಮಾಡಿ ಒಳಕ್ಕೆ ಸುತ್ತುತ್ತಾ ಹೋಗುತ್ತೇವೆ. ದಪ್ಪ ಹತ್ತಿ ದಾರಕ್ಕೆ ಮೇಣದ ಬತ್ತಿ ಉಜ್ಜಿದರೆ ಸಿಕ್ಕಾಗುವುದಿಲ್ಲ. ಬೆರಳಿಗೆ ಹಾಕುವ ಉಕ್ಕಿನ ಟೊಪ್ಪಿಗೆ ನಾಲ್ಕೈದು ಇರಲಿ.

ಸೂಜಿ ಎಣಿಸಿ ಕೊಡಿ, ಎಣಿಸಿ ತಗೊಳ್ಳಿ. ಇದನ್ನು ಮರೆಯಬೇಡಿ. ಒಮ್ಮೆ ಒಂದು ಕಡಿಮೆ ಬಂತು. ಸಣ್ಣ ಮಕ್ಕಳು ಓಡಾಡುವ ಮನೆ. ಏಳು ಗಂಟೆವರೆಗೆ ಜಮಖಾನೆ ಝಾಡಿಸಿ, ಟಾರ್ಚ್ ಹಾಕಿ ಹುಡುಕಿದೆವು. ಕೊನೆಗೆ ಒಬ್ಬ ಅತ್ತೆಯವರ ಸೆರಗಿಗೇ ಚುಚ್ಚಿತ್ತು, ಅವರು ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದರು.

ಹಳೆ ಸೀರೆಗೆ ಕತ್ತರಿ ಹಾಕುವಾಗ

ಇಲ್ಲಿ ನಿಧಾನವಾಗಿರಿ. ಜನ ತರುವುದು ಬರೀ ಹಳೆ ಬಟ್ಟೆ ಅಲ್ಲ. ತೀರಿಕೊಂಡ ತಾಯಿಯ ಇಳಕಲ್ ಸೀರೆ, ಗಂಡನ ಧೋತರ, ಕೂಸಿನ ಕುಂಚಿಗೆ ಬರುತ್ತವೆ. ಒಬ್ಬಾಕೆ ಮೂರು ವಾರ ಸೀರೆ ತಂದು, ಮಡಿಲಲ್ಲಿ ಇಟ್ಟುಕೊಂಡು, ಹಾಗೇ ವಾಪಸ್ ಒಯ್ದಳು. ನಾವು ಕೇಳಲಿಲ್ಲ. ನಾಲ್ಕನೇ ವಾರ ತಾನೇ ಕತ್ತರಿ ತಗೊಂಡಳು. ಸೆರಗಿನ ಹತ್ತಿರ ಬಂದು ನಿಲ್ಲಿಸಿದಳು. ಇಳಕಲ್ ಸೀರೆಯಲ್ಲಿ ಒಡಲೇ ಬೇರೆ, ಸೆರಗೇ ಬೇರೆ. ಮಗ್ಗದಲ್ಲಿ ಎರಡರ ಹಾಸಿನ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೂಡಿಸಿರುತ್ತಾರೆ. ಅವಳು ಅಷ್ಟುದ್ದಕ್ಕೂ ಬೆರಳಾಡಿಸಿ, "ಸೆರಗ ಇರಲಿ, ಒಡಲ ತಗೋರಿ" ಅಂದಳು.

ಆಮೇಲೆ ನಾವು ಮಾಡಿಕೊಂಡ ಕಟ್ಟಳೆ ಹೀಗಿದೆ. ಬಟ್ಟೆ ತಂದವರೇ ಕತ್ತರಿ ಹಾಕಬೇಕು. ಅವರಿಗೆ ಆಗದಿದ್ದರೆ ಕತ್ತರಿಸದೆ ಮಡಿಚಿ ಒಳಪದರಕ್ಕೆ ಹಾಕಿ, ಹೊರಗೆ ಕಾಣದಿದ್ದರೂ ಅದು ಅಲ್ಲಿರುತ್ತದೆ. ವಾಪಸ್ ಒಯ್ಯುತ್ತೇನೆ ಅಂದರೆ ಒಯ್ಯಲಿ. "ಸತ್ತವರದ್ದು ಇಟ್ಕೊಂಡು ಏನ ಮಾಡ್ತಿ" ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಚಹಾ ತರಲು ಒಳಗೆ ಕಳಿಸಿ.

ಮಾತಿನ ವಿಷಯ

ಮೊದಲ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಇದನ್ನು ಗಂಟೆ ಹೊಡೆದು ಹೇಳುವ ಅಗತ್ಯ ಇಲ್ಲ. ಜಮಖಾನೆ ಹಾಸಿದವರು ಸುಮ್ಮನಿದ್ದರೆ ಬಂದವರೂ ಸುಮ್ಮನಿರುತ್ತಾರೆ. ಆಮೇಲೆ ಯಾರು ಬೇಕಾದರೂ ಮಾತಾಡಬಹುದು. ಪ್ರಶ್ನೆ ಕೇಳುವುದಿಲ್ಲ, ಸಲಹೆ ಕೊಡುವುದಿಲ್ಲ. ಬೇರೆಯವರ ಮನೆಯ ಸುದ್ದಿ ಎತ್ತುವುದಿಲ್ಲ, ತನ್ನದು ಮಾತ್ರ ಹೇಳುವುದು. ಇಲ್ಲಿ ಕೇಳಿದ್ದು ಗೇಟಿನಾಚೆ ಹೋಗಬಾರದು. ಸಲಹೆ ಕೊಡದೆ ಇರುವುದು ನಮ್ಮ ಹೆಣ್ಮಕ್ಕಳಿಗೆ ಬಹಳ ಕಷ್ಟ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ನಾಲಿಗೆ ತುದಿಗೆ ಬಂದಾಗ ನಾನು ದಾರ ಕಚ್ಚಿ ಹರಿಯುತ್ತೇನೆ. ಹಲ್ಲಿಗೆ ಕೆಟ್ಟದ್ದೇ, ಆದರೆ ಉಪಯೋಗಕ್ಕೆ ಬರುತ್ತದೆ.

ಹಾಡು ಬಂದರೆ ಬರಲಿ. ಬೀಸುವ ಹಾಡು ಬಾಯಲ್ಲಿ ಇರುವ ಅಜ್ಜಿಯರು ಇನ್ನೂ ಇದ್ದಾರೆ. "ಹಾಡವಾ ಅಜ್ಜಿ" ಅಂತ ದುಂಬಾಲು ಬಿದ್ದರೆ ಮಾತ್ರ ಹಾಡು ಕಾರ್ಯಕ್ರಮ ಆಗಿಬಿಡುತ್ತದೆ.

ಫೋಟೋ ಬೇಡ. ಒಂದು ಸಲ ಯಾರೋ ನಮ್ಮ ಕೂಟವನ್ನು ಹೊಗಳಿ, ಒಬ್ಬ ದೊಡ್ಡ ಮನುಷ್ಯರನ್ನು ಕರೆತಂದರು. ಶಾಲು, ಹಾರ, ಮೈಕು. ಅವರು ಮಹಿಳೆಯರ ಸಬಲೀಕರಣದ ಮೇಲೆ ನಲವತ್ತು ನಿಮಿಷ ಮಾತಾಡಿದರು, ಅಷ್ಟೂ ಹೊತ್ತು ಸೂಜಿ ಡಬ್ಬಿಯಲ್ಲೇ ಇತ್ತು. ಮುಂದಿನ ಎರಡು ಬುಧವಾರ ನಾನು, ಡ್ರೈವರ್ ಕಾಕಾ, ಇಬ್ಬರೇ.

ಅಳು ಬಂದರೆ? ಬರುತ್ತದೆ. ಎಲ್ಲರೂ ಮುತ್ತಬೇಡಿ. ಪಕ್ಕದಲ್ಲಿ ಇದ್ದವರು ಕೈಯಿಂದ ಸೂಜಿ ತಗೊಂಡು ನೀರು ಕೊಡಲಿ, ಉಳಿದವರು ಹೊಲಿಯುತ್ತಿರಲಿ. ಉಳಿದವರ ಕೈ ನಿಂತರೆ ಅತ್ತವರಿಗೆ ನಾಚಿಕೆ ಆಗುತ್ತದೆ. ಆದರೆ ಕೂಟ ಔಷಧಿ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, "ನಾ ಇದ್ದರೇನು ಹೋದರೇನು" ಅನ್ನುವ ಮಾತು ಬಂದರೆ ಅಲ್ಲಿ ಸಲಹೆ ಕೊಡಬಾರದು ಅನ್ನುವ ಕಟ್ಟಳೆ ಮುರಿಯಿರಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181. ಜಿಲ್ಲಾ ಆಸ್ಪತ್ರೆಗೆ ಒಬ್ಬರೇ ಹೋಗಲು ಹೆದರುತ್ತಾರೆ, ಜೊತೆಗೆ ಹೋಗಿ. ನಾನು ಇಲ್ಲಿಯವರೆಗೆ ಎರಡು ಸಲ ಹೋಗಿದ್ದೇನೆ. ಎರಡೂ ನಂಬರನ್ನು ಸೂಜಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಗೋಡೆಗೆ ಅಂಟಿಸಿದರೆ ಓದಲು ಎದ್ದು ಹೋಗಬೇಕು, ಎಲ್ಲರೂ ನೋಡುತ್ತಾರೆ.

ದುಡ್ಡು, ಮತ್ತೆ ಮುಗಿದ ಕೌದಿ

ಖರ್ಚು ಕಡಿಮೆ. ಒಂದು ಡಬ್ಬಿ ಇದೆ, ಹತ್ತು ರೂಪಾಯಿ ಹಾಕುವವರು ಹಾಕುತ್ತಾರೆ, ಹಾಕದವರು ಇಲ್ಲ. ದಾರ, ಚಹಾ ಪುಡಿ, ಸಕ್ಕರೆಗೆ ಸಾಕಾಗುತ್ತದೆ. ತಿನ್ನಲು ಒಗ್ಗರಣೆ ಚುರುಮುರಿ. ಮಿರ್ಚಿ ಭಜಿ ಒಮ್ಮೆ ಮಾಡಿದೆವು, ಬಟ್ಟೆಯೆಲ್ಲ ಎಣ್ಣೆ.

ಒಂದು ಅಂಗಡಿಯವರು ಐದು ಕೌದಿಗೆ ಆರ್ಡರ್ ಕೊಟ್ಟಿದ್ದರು. ಒಳ್ಳೆ ರೇಟು. ನಾವೂ ಒಪ್ಪಿಕೊಂಡೆವು. ಒಂದೇ ತಿಂಗಳಲ್ಲಿ "ಇವಳ ಹೊಲಿಗಿ ದೊಡ್ಡದು, ಅವಳು ತಡಾ ಬಂದಳು" ಶುರುವಾಯಿತು. ಸೊಟ್ಟ ಹೊಲಿದವರದ್ದನ್ನು ಬಿಚ್ಚಿ ಹಾಕಬೇಕಾಯಿತು. ಎರಡು ಕೊಟ್ಟು ಕೈ ಮುಗಿದೆವು. ದುಡಿಮೆಗೆ ಕೌದಿ ಹೊಲಿಯುವುದು ತಪ್ಪಲ್ಲ, ಬೇರೆ ದಿನ ಹೊಲಿಯಿರಿ.

ವಾರಕ್ಕೆ ಎರಡು ತಾಸಿನಂತೆ ನಮಗೆ ಒಂದು ಕೌದಿಗೆ ಸುಮಾರು ಮೂರು ತಿಂಗಳು ಬೇಕು. ಯಾರಿಗೆ ಕೊಡುವುದು ಅಂತ ಹಾಸುವ ದಿನವೇ ತೀರ್ಮಾನ ಮಾಡಿ, ಮುಗಿದ ಮೇಲಲ್ಲ. ಓಣಿಯ ಬಾಣಂತಿಗೋ, ಹಾಸ್ಟೆಲಿಗೆ ಹೋಗುವ ಹುಡುಗಿಗೋ ಕೊಡುತ್ತೇವೆ. ಯಾರೂ ತೋಚದಿದ್ದರೆ ಚೀಟಿ ಎತ್ತುತ್ತೇವೆ. ನಡುವಿನ ಕೊನೆ ತುಂಡು ಮುಚ್ಚುವ ಮೊದಲು ಅವ್ವ ಐದು ಕಾಳು ಜೋಳ ಒಳಗೆ ಹಾಕುತ್ತಾಳೆ. ಕೌದಿಗೂ ಹೊಟ್ಟೆ ಇರುತ್ತದಂತೆ.

ಕೊಡುವ ಮೊದಲು ಒಮ್ಮೆ ಒಗೆಯಬೇಕು, ಮೂರು ತಿಂಗಳ ಬೆವರು, ಚಹಾ ಎಲ್ಲ ಅದರಲ್ಲಿರುತ್ತದೆ. ಮಷೀನಿಗೆ ಹಾಕಬೇಡಿ, ದಾರ ಹರಿಯುತ್ತದೆ. ರಾತ್ರಿ ಬಕೆಟ್‌ನಲ್ಲಿ ನೆನೆಹಾಕಿ, ಬೆಳಗ್ಗೆ ತುಳಿದು ಒಗೆಯಿರಿ. ನೀರು ಕುಡಿದ ಕೌದಿಯನ್ನು ಒಬ್ಬರ ಕೈಲಿ ಎತ್ತಲು ಆಗುವುದಿಲ್ಲ. ಆ ಕಡೆ ಇಬ್ಬರು, ಈ ಕಡೆ ಇಬ್ಬರು ಹಿಡಿದು ಎದುರು ಬದುರು ತಿರುವಿ ಹಿಂಡಬೇಕು. ಕಾಲ ಮೇಲೆ ನೀರು ಸುರಿಯುತ್ತದೆ, ಚಪ್ಪಲಿ ಬಿಟ್ಟು ಬನ್ನಿ.